ಸಾಫ್ಟ್‌ವೇರ್ ರೆಂಡರಿಂಗಿನಲ್ಲಿ ಪರದೆ ಕೆಟ್ಟು ಕಾಣುವುದು: ಕಾಸರಗೋಡಿನ ಶಾಲಾ ಲ್ಯಾಬುಗಳಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐಟಿ ಲ್ಯಾಬು ನೋಡಿಕೊಳ್ಳುವ ಅಧ್ಯಾಪಕರಿಗೆ, ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನ ಮಕ್ಕಳಿಗೆ ಇದು ಉಪಯೋಗಕ್ಕೆ ಬರಬೇಕು. ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆಯಾದ ಕೈಟ್‌ನ ಗ್ನೂ/ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ್ದಾದ್ದರಿಂದ ಉಬುಂಟುವಿಗೆ ಹೇಳಿದ್ದು ಹೆಚ್ಚಾಗಿ ಅದಕ್ಕೂ ಸರಿ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದೆ. ಅಡಿಗೆರೆ ಎಂದರೆ ಅಂಡರ್‌ಸ್ಕೋರ್.

ಸಾಫ್ಟ್‌ವೇರ್ ರೆಂಡರಿಂಗ್ ಎಂದರೇನು? ಅದು ಒಂದು ದೋಷವೇ?

ಪರದೆಯ ಚಿತ್ರವನ್ನು ಗ್ರಾಫಿಕ್ಸ್ ಚಿಪ್ಪಿನ ಬದಲು ಪ್ರೊಸೆಸರೇ ಲೆಕ್ಕ ಹಾಕಿ ಬರೆಯುವುದು. ಲಿನಕ್ಸಿನಲ್ಲಿ ಈ ಕೆಲಸ ಮಾಡುವುದು ಮೆಸಾ ಎಂಬ ಗ್ರಾಫಿಕ್ಸ್ ಸಂಗ್ರಹದ ಎಲ್‌ಎಲ್‌ವಿಎಂಪೈಪ್. ತನ್ನಷ್ಟಕ್ಕೆ ಅದು ದೋಷವಲ್ಲ, ಚಿತ್ರವನ್ನೂ ಸರಿಯಾಗಿಯೇ ಬರೆಯುತ್ತದೆ. ತೊಂದರೆ ಇರುವುದು ಸಮಯದಲ್ಲಿ. 1366×768 ಪರದೆಯ ಒಂದು ಪೂರ್ತಿ ಚಿತ್ರಕ್ಕೆ ಪ್ರತಿ ಪಿಕ್ಸೆಲ್‌ಗೆ 4 ಬೈಟಿನಂತೆ ಸುಮಾರು 4.2 ಎಂಬಿ ಬೇಕು. ಸೆಕೆಂಡಿಗೆ 60 ಸಲ ಬರೆಯುವುದಾದರೆ 250 ಎಂಬಿ. 1920×1080 ಆದರೆ ಅದು ಸುಮಾರು 500 ಎಂಬಿಗೆ ಏರುತ್ತದೆ. ಇದು ಬರೀ ಬರೆಯುವ ಲೆಕ್ಕ. ನೆರಳು, ಪಾರದರ್ಶಕ ಪಟ್ಟಿ, ಅನಿಮೇಶನ್ ಇದ್ದರೆ ಅದೇ ಪಿಕ್ಸೆಲನ್ನು ಮತ್ತೆ ಮತ್ತೆ ಓದಿ ಬೆರೆಸಬೇಕು. ಪ್ರೊಸೆಸರ್ ಹಿಂದೆ ಬಿದ್ದಾಗ ಅರ್ಧ ಹಳೆಯದು, ಅರ್ಧ ಹೊಸದು ಒಟ್ಟಿಗೆ ಪರದೆಗೆ ಬರುತ್ತವೆ. ಕೆಳಗಿನ ಹೆಚ್ಚಿನ ತೊಂದರೆಗಳ ಬೇರು ಅಲ್ಲೇ ಇದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಯಂತ್ರ ಈ ದಾರಿಗೆ ಯಾಕೆ ಬಂತು ಎಂಬುದು. ಅದನ್ನು ಬಿಟ್ಟು ಒಂದೊಂದೇ ಪ್ರೋಗ್ರಾಮಿಗೆ ಮದ್ದು ಹುಡುಕುತ್ತಾ ಹೋದರೆ ಲ್ಯಾಬಿನ ಸಮಯವೆಲ್ಲ ಅದಕ್ಕೇ ಸರಿಹೋಗುತ್ತದೆ.

ನಮ್ಮ ಯಂತ್ರ ಅದರಲ್ಲೇ ಓಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಸೆಟ್ಟಿಂಗ್ಸ್ ತೆರೆದು ಅಬೌಟ್ ಎಂಬಲ್ಲಿಗೆ ಹೋಗಿ. ಗ್ರಾಫಿಕ್ಸ್ ಎಂಬ ಸಾಲಿನಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರಿನ ಬದಲು ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಹೌದು. ಇನ್ನೂ ಖಚಿತವಾಗಿ ಬೇಕೆಂದರೆ ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿ, ಟರ್ಮಿನಲ್ಲಿನಲ್ಲಿ ಜಿಎಲ್‌ಎಕ್ಸ್‌ಇನ್‌ಫೋ ಎಂದು ಬರೆದು, ಒಂದು ಜಾಗ ಬಿಟ್ಟು ಹೈಫನ್ ಮತ್ತು ದೊಡ್ಡಕ್ಷರದ ಬಿ ಸೇರಿಸಿ. ಬರುವ ಉತ್ತರದಲ್ಲಿ ರೆಂಡರರ್ ಸಾಲನ್ನೂ ಆಕ್ಸಿಲರೇಟೆಡ್ ಸಾಲನ್ನೂ ನೋಡಿ. ಎರಡನೆಯದು ‘ನೋ’ ಎಂದಿದ್ದರೆ ಕೆಲಸ ಪ್ರೊಸೆಸರಿನದು.

ಎಲ್‌ಎಲ್‌ವಿಎಂಪೈಪ್ ಹೆಸರಿನ ಪಕ್ಕ 128 ಬಿಟ್ಸ್ ಅಥವಾ 256 ಬಿಟ್ಸ್ ಎಂದಿರುತ್ತದೆ. ಪ್ರೊಸೆಸರ್ ಒಂದೇ ಏಟಿಗೆ ಎಷ್ಟು ಅಗಲದ ದತ್ತಾಂಶವನ್ನು ಲೆಕ್ಕ ಮಾಡುತ್ತದೆ ಎಂಬ ಸೂಚನೆ ಅದು. ಹಳೆಯ ಕೋರ್ 2 ಡ್ಯುಯೋ ಯಂತ್ರಗಳಲ್ಲಿ 128 ಇರುತ್ತದೆ. ಅಂಥವುಗಳಿಂದ ಹೆಚ್ಚು ನಿರೀಕ್ಷಿಸಬೇಡಿ.

ಪರದೆಯಲ್ಲಿ ಗೆರೆ, ಚುಕ್ಕಿ, ಬಣ್ಣ ಬದಲಾವಣೆ ಕಾಣುತ್ತಿದೆ. ಕೇಬಲ್ಲಿನ ತೊಂದರೆಯೋ, ಸಾಫ್ಟ್‌ವೇರಿನದೋ?

ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ದೋಷ ಆ ಚಿತ್ರದಲ್ಲೂ ಇದ್ದರೆ ಅದು ಸಾಫ್ಟ್‌ವೇರಿನದು ಅಥವಾ ರ‍್ಯಾಮಿನದು. ಚಿತ್ರ ಶುಚಿಯಾಗಿದ್ದರೆ ಮಾನಿಟರ್, ಕೇಬಲ್, ಪೋರ್ಟ್ ನೋಡಿ. (ಒಂದು ಅಪವಾದ: ಪರದೆ ಅಡ್ಡಕ್ಕೆ ಸೀಳುವುದು ಸಾಫ್ಟ್‌ವೇರಿನದಾದರೂ ಸ್ಕ್ರೀನ್‌ಶಾಟಿನಲ್ಲಿ ಕಾಣುವುದಿಲ್ಲ.) ಇಷ್ಟು ಮಾಡದೆ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡಿ ದಿನ ಕಳೆದುಕೊಳ್ಳುವವರು ಬಹಳ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ವಿಜಿಎ ಕನೆಕ್ಟರಿನ ಪಿನ್ನು ಮಂಕು ಹಿಡಿಯುವುದು ಸಾಮಾನ್ಯ. ಬಿಳಿ ಜಾಗ ಹಳದಿಯಾಗಿ ಕಂಡರೆ ನೀಲಿಯ ಪಿನ್ನು, ಅಂದರೆ 3ನೆಯದು, ಸಂಪರ್ಕ ಬಿಟ್ಟಿದೆ. ಗುಲಾಬಿ ಕಡೆಗೆ ತಿರುಗಿದರೆ 2ನೆಯ ಹಸಿರು ಪಿನ್ನು. ತಿಳಿ ನೀಲಿ-ಹಸಿರಾದರೆ 1ನೆಯ ಕೆಂಪು ಪಿನ್ನು. ಯಂತ್ರ ಆಫ್ ಮಾಡಿ, ಕೇಬಲ್ ಕಳಚಿ, ಬಾಗಿದ ಪಿನ್ನು ಇದೆಯೇ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ ಮತ್ತೆ ಕೂರಿಸಿ, ಎರಡೂ ಸ್ಕ್ರೂ ಬಿಗಿ ಮಾಡಿ.

ಸ್ಕ್ರೀನ್‌ಶಾಟಿನಲ್ಲೂ ಅಲ್ಲಲ್ಲಿ ಚುಕ್ಕಿಗಳಿದ್ದು, ಪ್ರತಿ ಸಲ ಬೇರೆ ಬೇರೆ ಕಡೆ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಸಾಫ್ಟ್‌ವೇರ್ ರೆಂಡರಿಂಗಿನಲ್ಲಿ ಇಡೀ ಚಿತ್ರ ತಯಾರಾಗುವುದು ಮುಖ್ಯ ರ‍್ಯಾಮಿನಲ್ಲೇ. ಹಳೆಯ ಬಯಾಸ್ ವಿಧಾನದಲ್ಲಿ ಬೂಟ್ ಆಗುವ ಯಂತ್ರಗಳ ಗ್ರಬ್ ಮೆನುವಿನಲ್ಲಿ (ಯಂತ್ರ ಶುರುವಾಗುವಾಗ ಬರುವ ಪಟ್ಟಿ) ಮೆಮ್‌ಟೆಸ್ಟ್ ಎಂಬ ರ‍್ಯಾಮ್ ಪರೀಕ್ಷೆ ಇರುತ್ತದೆ. ಕನಿಷ್ಠ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿಯನ್ನು ನಂಬಬೇಡಿ.

ಗ್ರಾಫಿಕ್ಸ್ ಚಿಪ್ಪು ಸರಿ ಇದೆ. ಆದರೂ ಯಂತ್ರ ಎಲ್‌ಎಲ್‌ವಿಎಂಪೈಪಿಗೆ ಯಾಕೆ ಬೀಳುತ್ತದೆ?

ಹೆಚ್ಚಿನ ಸಲ ಕಾರಣ, ಬೂಟ್ ಆಗುವಾಗ ಕರ್ನೆಲಿಗೆ (ಸಿಸ್ಟಮ್ಮಿನ ತಿರುಳಿಗೆ) ಕೊಡುವ ನೋಮೋಡ್‌ಸೆಟ್ ಎಂಬ ಪದ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತೆಂದು ಸೇಫ್ ಗ್ರಾಫಿಕ್ಸ್ ಆಯ್ಕೆಯಿಂದ ಬೂಟ್ ಮಾಡಿರುತ್ತಾರೆ. ಆ ಪದ ಇನ್‌ಸ್ಟಾಲ್ ಆದ ಸಿಸ್ಟಮ್ಮಿನಲ್ಲೂ ಉಳಿದಿರಬಹುದು, ಅಥವಾ ಯಾರೋ ಕೈಯಿಂದಲೇ ಸೇರಿಸಿರಬಹುದು. ಅದು ಇರುವಷ್ಟು ದಿನ ಕರ್ನೆಲ್ ಗ್ರಾಫಿಕ್ಸ್ ಚಿಪ್ಪನ್ನು ಮುಟ್ಟುವುದಿಲ್ಲ. ರೆಸಲ್ಯೂಶನ್ 1024×768ರಲ್ಲೇ ನಿಂತು, ಬದಲಿಸಲು ಬೇರೆ ಆಯ್ಕೆಯೇ ಕಾಣದಿದ್ದರೆ ಇದನ್ನೇ ಮೊದಲು ನೋಡಿ.

ತೆಗೆಯುವ ಕ್ರಮ: ಇಟಿಸಿ ಫೋಲ್ಡರಿನೊಳಗೆ ಡಿಫಾಲ್ಟ್, ಅದರೊಳಗೆ ಗ್ರಬ್ ಎಂಬ ಫೈಲು. ಅದನ್ನು ಸುಡೊ (ನಿರ್ವಾಹಕ) ಅಧಿಕಾರದಿಂದ ತೆರೆಯಿರಿ. ‘ಕ್ವಯಟ್ ಸ್ಪ್ಲ್ಯಾಶ್’ ಎಂದಿರುವ ಸಾಲಿನಲ್ಲಿ ನೋಮೋಡ್‌ಸೆಟ್ ಇದ್ದರೆ ಆ ಒಂದು ಪದ ಮಾತ್ರ ಅಳಿಸಿ, ಉದ್ಧರಣ ಚಿಹ್ನೆಗಳನ್ನು ಹಾಗೇ ಬಿಡಿ. ಉಳಿಸಿ, ಸುಡೊ ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಿ. ಕಪ್ಪು ಪರದೆ ಬಂದರೆ ಗಾಬರಿ ಬೇಡ: ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಆ ಪದ ಸೇರಿಸಿ ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಹಿಂದಿನಂತೆ ಬೂಟ್ ಆಗುತ್ತದೆ.

ಎರಡನೆಯದು ಅನುಮತಿ. ಡೆವ್ ಫೋಲ್ಡರಿನೊಳಗಿನ ಡಿಆರ್‌ಐ ಫೋಲ್ಡರನ್ನು ನೋಡಿ. ರೆಂಡರ್‌ಡಿ128 ಎಂಬುದು ಇಲ್ಲದಿದ್ದರೆ ಡ್ರೈವರ್ ಏರಿಲ್ಲ. ಅದಿದ್ದೂ ಎಲ್‌ಎಲ್‌ವಿಎಂಪೈಪ್ ಬರುತ್ತಿದ್ದರೆ ಬಳಕೆದಾರನಿಗೆ ಅದನ್ನು ತೆರೆಯುವ ಹಕ್ಕಿಲ್ಲದಿರಬಹುದು. ಯಂತ್ರದ ಮುಂದೆಯೇ ಕೂತು ಲಾಗಿನ್ ಆದವರಿಗೆ ಹಕ್ಕು ತಾನಾಗಿ ಸಿಗುತ್ತದೆ. ದೂರದಿಂದ ಲಾಗಿನ್ ಆಗುವ ಖಾತೆಗಳಲ್ಲಿ ಸಿಕ್ಕಿಬೀಳುವುದು ಹೆಚ್ಚು. ವಿಡಿಯೊ ಮತ್ತು ರೆಂಡರ್ ಎಂಬ ಎರಡು ಗುಂಪುಗಳಿಗೆ ಖಾತೆಯನ್ನು ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ.

ಎನ್‌ವಿಡಿಯಾ ಕಾರ್ಡಿದ್ದರೆ ಕರ್ನೆಲ್ ಅಪ್‌ಡೇಟಿನ ನಂತರ ಡ್ರೈವರ್ ಮಾಡ್ಯೂಲ್ ಕಟ್ಟಿಕೊಳ್ಳದೆ ಹೋಗಿರಬಹುದು, ಅಥವಾ ಸೆಕ್ಯೂರ್ ಬೂಟ್ ಸಹಿ ಇಲ್ಲದ ಮಾಡ್ಯೂಲನ್ನು ತಡೆದಿರಬಹುದು. ಗ್ರಬ್ ಮೆನುವಿನಿಂದ ಹಿಂದಿನ ಕರ್ನೆಲಿಗೆ ಹೋದಾಗ ಸರಿಯಾದರೆ ಕಾರಣ ಮೊದಲನೆಯದು.

ಕಿಟಕಿಯನ್ನು ಎಳೆದರೆ ಹಿಂದೆ ಅದರದೇ ಬಾಲ ಉಳಿಯುತ್ತದೆ. ಕೆಲವು ಕಿಟಕಿಗಳ ಸುತ್ತ ಕಪ್ಪು ಅಂಚು ಬರುತ್ತದೆ. ಯಾಕೆ?

ಎರಡೂ ಕಂಪೋಸಿಟರಿಗೆ ಸಂಬಂಧಿಸಿದ್ದು. ಪ್ರತಿ ಕಿಟಕಿಯ ಚಿತ್ರವನ್ನು ಬೇರೆಯಾಗಿ ಇಟ್ಟುಕೊಂಡು ಕೊನೆಗೆ ಒಂದರ ಮೇಲೊಂದು ಜೋಡಿಸುವ ಕೆಲಸ ಅದರದು. ಕಂಪೋಸಿಟರ್ ಇಲ್ಲದಾಗ ಮೇಲಿನ ಕಿಟಕಿ ಸರಿದ ಜಾಗವನ್ನು ಕೆಳಗಿನ ಪ್ರೋಗ್ರಾಮೇ ಮತ್ತೆ ಬರೆಯಬೇಕು. ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಅದು ತಡ ಮಾಡುತ್ತದೆ, ಅಷ್ಟರವರೆಗೆ ಹಳೆಯ ಚಿತ್ರ ಅಲ್ಲೇ ಉಳಿಯುತ್ತದೆ. ಕಪ್ಪು ಅಂಚಿನದು ಇನ್ನೊಂದು ಕತೆ: ನೆರಳು, ದುಂಡು ಮೂಲೆಗಳು ಪಾರದರ್ಶಕ ಪಿಕ್ಸೆಲುಗಳು, ಬೆರೆಸುವವರು ಇಲ್ಲದಿದ್ದರೆ ಅವು ಕಪ್ಪಾಗಿ ಕಾಣುತ್ತವೆ.

ಹಾಗಾದರೆ ಕಂಪೋಸಿಟರ್ ಇಡಬೇಕೋ ತೆಗೆಯಬೇಕೋ? ಎರಡು ಕೋರಿನ ಯಂತ್ರದಲ್ಲಿ, ಸಾಫ್ಟ್‌ವೇರ್ ರೆಂಡರಿಂಗ್ ಅನಿವಾರ್ಯವಾದರೆ, ತೆಗೆಯುವುದೇ ಲೇಸು. ಕಪ್ಪು ಅಂಚು ಕಣ್ಣಿಗೆ ಅಷ್ಟು ಚೆಂದವಲ್ಲ, ಆದರೆ ಮಕ್ಕಳ ಮೌಸು ನಿಲ್ಲುವುದಿಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು ಕಂಪೋಸಿಟರ್ ಎಂಬ ಕೊನೆಯ ಟ್ಯಾಬಿನಲ್ಲಿ ಟಿಕ್ ತೆಗೆಯಿರಿ. ಮಾಟೆ ಡೆಸ್ಕ್‌ಟಾಪಿನಲ್ಲಿ ಮಾಟೆ ಟ್ವೀಕ್ ತೆರೆದು, ವಿಂಡೋಸ್ ವಿಭಾಗದಲ್ಲಿ ಕಂಪೋಸಿಟರ್ ಇಲ್ಲದ ಮಾರ್ಕೋ ಆರಿಸಿ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಇದನ್ನು ತೆಗೆಯಲು ಆಗುವುದೇ ಇಲ್ಲ. ಅಲ್ಲಿ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಿಂದ ಅನಿಮೇಶನ್ ನಿಲ್ಲಿಸಿದರೆ ಸ್ವಲ್ಪ ಹಗುರವಾಗುತ್ತದೆ.

ಕನ್ನಡ ಟೈಪ್ ಮಾಡಿ ಅಳಿಸಿದರೆ ಒತ್ತಕ್ಷರದ ಕೆಳತುದಿ ಮಾತ್ರ ಪರದೆಯಲ್ಲಿ ಉಳಿಯುತ್ತದೆ. ಫಾಂಟು ಕೆಟ್ಟಿದೆಯೇ?

ಫಾಂಟು ಕೆಟ್ಟಿಲ್ಲ. ಕೆಲಸ ಉಳಿಸಲು ಪ್ರೋಗ್ರಾಮು ಬದಲಾದ ಆಯತವನ್ನಷ್ಟೇ ಮತ್ತೆ ಬರೆಯುತ್ತದೆ. ಆ ಆಯತದ ಎತ್ತರವನ್ನು ಸಾಲಿನ ಎತ್ತರದಿಂದ ಲೆಕ್ಕ ಹಾಕಿದ್ದರೆ, ಅದಕ್ಕಿಂತ ಕೆಳಗಿಳಿಯುವ ಭಾಗ ಆಯತದ ಹೊರಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ ಅಷ್ಟು ಕೆಳಗಿಳಿಯುವುದಿಲ್ಲವಾದ್ದರಿಂದ ಪ್ರೋಗ್ರಾಮು ಬರೆದವರ ಗಮನಕ್ಕೆ ಬಂದಿರುವುದಿಲ್ಲ. ನಮ್ಮಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಬರೆದ ಕೂಡಲೇ ಗೊತ್ತಾಗುತ್ತದೆ. ಇಡೀ ಪರದೆಯನ್ನು ಪ್ರತಿ ಸಲ ಹೊಸದಾಗಿ ಬರೆಯುವ ಕಡೆ ಈ ತುಂಡು ಕಾಣದೆ ಹೋಗುತ್ತದೆ. ತುಂಡು ತುಂಡಾಗಿ ಬರೆಯುವಲ್ಲಿ ಎದ್ದು ಕಾಣುತ್ತದೆ.

ಪುಟವನ್ನು ಮೇಲೆ ಕೆಳಗೆ ಸರಿಸಿದಾಗ, ಅಥವಾ ಕಿಟಕಿಯನ್ನು ಮಿನಿಮೈಸ್ ಮಾಡಿ ತೆಗೆದಾಗ ಆ ತುಂಡು ಮಾಯವಾದರೆ ನಮ್ಮ ಊಹೆ ಸರಿ. ಸಾಲಿನ ಅಂತರವನ್ನು 1.0ರಿಂದ 1.3 ಅಥವಾ 1.5ಕ್ಕೆ ಏರಿಸಿ. ಸಾಲಿನ ಅಂತರ ಬದಲಿಸಲಾಗದ ಪ್ರೋಗ್ರಾಮಿನಲ್ಲಿ ಫಾಂಟು ಬದಲಿಸಿ ನೋಡಿ: ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಸಾನ್ಸ್ ಕನ್ನಡ, ಪ್ರತಿಯೊಂದೂ ಸಾಲಿನ ಎತ್ತರವನ್ನು ತನ್ನದೇ ರೀತಿಯಲ್ಲಿ ಹೇಳುತ್ತದೆ.

ಒತ್ತು ಪಕ್ಕಕ್ಕೆ ಬಿದ್ದು ಚುಕ್ಕಿಗಳ ವೃತ್ತ ಕಂಡರೆ ಅಥವಾ ಅಕ್ಷರದ ಬದಲು ಚೌಕ ಬಂದರೆ ಅದು ಅಕ್ಷರ ಜೋಡಣೆಯ ಅಥವಾ ಫಾಂಟಿನ ತೊಂದರೆ. ಗ್ರಾಫಿಕ್ಸ್ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ.

ವಿಡಿಯೊ ನೋಡುವಾಗ ಪರದೆ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ.

ಮಾನಿಟರ್ ಚಿತ್ರವನ್ನು ಓದುತ್ತಿರುವಾಗಲೇ ಪ್ರೊಸೆಸರ್ ಅದೇ ಜಾಗದಲ್ಲಿ ಮುಂದಿನ ಚಿತ್ರ ಬರೆಯುತ್ತಿದೆ. ಕಂಪೋಸಿಟರ್ ತೆಗೆದ ಯಂತ್ರದಲ್ಲಿ ಇದಕ್ಕೆ ಪೂರ್ತಿ ಪರಿಹಾರವಿಲ್ಲ. 480 ಅಥವಾ 720 ಸಾಲಿನ ವಿಡಿಯೊ ಆರಿಸಿದರೆ ಕಡಿಮೆಯಾಗುತ್ತದೆ.

ಜಿಯೋಜಿಬ್ರಾದಲ್ಲಿ ಬಿಂದು ಎಳೆದಾಗ ಹಳೆಯ ಗೆರೆಗಳು ಉಳಿಯುತ್ತವೆ, ಮೆನು ಬಿಳಿಯಾಗಿ ತೆರೆಯುತ್ತದೆ.

ಜಿಯೋಜಿಬ್ರಾ ಕ್ಲಾಸಿಕ್ 5 ಜಾವಾದಲ್ಲಿ ಓಡುತ್ತದೆ, ಕ್ಲಾಸಿಕ್ 6 ಒಳಗೊಳಗೇ ಒಂದು ಬ್ರೌಸರು. ಎರಡಕ್ಕೂ ಮದ್ದು ಬೇರೆ. 5ಕ್ಕಾದರೆ ಜಾವಾದ ಎರಡು ವೇಗವರ್ಧಕಗಳನ್ನು ನಿಲ್ಲಿಸಬೇಕು: ಹೈಫನ್, ದೊಡ್ಡಕ್ಷರದ ಡಿ, ನಂತರ ಸನ್ ಚುಕ್ಕಿ ಜಾವಾ2ಡಿ ಚುಕ್ಕಿ ಎಕ್ಸ್‌ರೆಂಡರ್, ಸಮ ಚಿಹ್ನೆ, ಫಾಲ್ಸ್, ಹಾಗೆಯೇ ಎಕ್ಸ್‌ರೆಂಡರ್ ಜಾಗದಲ್ಲಿ ಓಪನ್‌ಜಿಎಲ್ ಇಟ್ಟು ಇನ್ನೊಂದು. ಇವೆರಡನ್ನೂ ಜಾವಾ ಅಡಿಗೆರೆ ಟೂಲ್ ಅಡಿಗೆರೆ ಆಪ್ಶನ್ಸ್ ಎಂಬ ಪೂರ್ತಿ ದೊಡ್ಡಕ್ಷರದ ಪರಿಸರ ಚರದಲ್ಲಿ (ಪ್ರೋಗ್ರಾಮು ಶುರುವಾಗುವಾಗ ಓದುವ ಹೆಸರು-ಬೆಲೆಯ ಜೋಡಿ), ನಡುವೆ ಒಂದು ಜಾಗ ಬಿಟ್ಟು ಹಾಕಿ. ಮೊದಲು ಎಕ್ಸ್‌ರೆಂಡರ್ ಒಂದನ್ನೇ ನಿಲ್ಲಿಸಿ ನೋಡಿ, ಹೆಚ್ಚಾಗಿ ಅದರಲ್ಲೇ ಸರಿಯಾಗುತ್ತದೆ. 6ಕ್ಕಾದರೆ ಆಜ್ಞೆಯ ಕೊನೆಗೆ ಎರಡು ಹೈಫನ್ ಹಾಕಿ ಡಿಸೇಬಲ್-ಜಿಪಿಯು ಸೇರಿಸಿದರೆ ಸಾಕು.

ಒಂದೇ ಪ್ರೋಗ್ರಾಮಿಗೆ ಚರ ಕೊಡುವುದಾದರೆ ಅದರ ಡೆಸ್ಕ್‌ಟಾಪ್ ಫೈಲಿನ ಎಕ್ಸೆಕ್ ಸಾಲಿನಲ್ಲಿ, ಸಮ ಚಿಹ್ನೆಯ ನಂತರ, ಎನ್ವ್ ಎಂದು ಬರೆದು ಚರವನ್ನೂ ಅದರ ಬೆಲೆಯನ್ನೂ ಸೇರಿಸಿ. ಬೆಲೆಯಲ್ಲಿ ಖಾಲಿ ಜಾಗವಿದ್ದರೆ ಚರ-ಬೆಲೆ ಎರಡನ್ನೂ ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಇಡಿ. ಮೂಲ ಫೈಲನ್ನು ತಿದ್ದಬೇಡಿ, ಅಪ್‌ಡೇಟ್ ಆದಾಗ ಹೋಗಿಬಿಡುತ್ತದೆ. ಬಳಕೆದಾರನ ಹೋಮಿನಲ್ಲಿ ಅಡಗಿರುವ ಚುಕ್ಕಿ ಲೋಕಲ್, ಶೇರ್, ಅಪ್ಲಿಕೇಶನ್ಸ್ ಫೋಲ್ಡರಿಗೆ ನಕಲು ಮಾಡಿ ಅಲ್ಲಿ ತಿದ್ದಿ.

ಹಳೆಯ ಡೆಸ್ಕ್‌ಟಾಪಿನಲ್ಲಿ ಇಂಟೆಲ್ ಚಿಪ್ಪು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಬ್ಲೆಂಡರ್ ತೆರೆಯುವುದೇ ಇಲ್ಲ. ಏನು ಮಾಡುವುದು?

ಇಲ್ಲಿ ಮಾತು ತಲೆಕೆಳಗು: ಬೇಕೆಂದೇ ಸಾಫ್ಟ್‌ವೇರ್ ರೆಂಡರಿಂಗಿಗೆ ಹೋಗಬೇಕು. ಜಿ41 ಚಿಪ್‌ಸೆಟ್ಟಿನ ಎಕ್ಸ್4500 ಗ್ರಾಫಿಕ್ಸ್ ಕೊಡುವುದು ಓಪನ್‌ಜಿಎಲ್ (3ಡಿ ಚಿತ್ರ ಬರೆಸುವ ಮಾನದಂಡ) 2.1 ಮಾತ್ರ. ಬ್ಲೆಂಡರ್ 2.80ರಿಂದ ಕನಿಷ್ಠ 3.3 ಕೇಳುತ್ತದೆ. ಎಲ್‌ಎಲ್‌ವಿಎಂಪೈಪಾದರೋ ಮೆಸಾ 20.3ರಿಂದ ಈಚೆಗೆ 4.5ರವರೆಗೆ ಕೊಡುತ್ತದೆ. ಲಿಬ್‌ಜಿಎಲ್ ಅಡಿಗೆರೆ ಆಲ್ವೇಸ್ ಅಡಿಗೆರೆ ಸಾಫ್ಟ್‌ವೇರ್ ಎಂದು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು, ಸಮ 1 ಕೊಟ್ಟು, ಜಾಗ ಬಿಟ್ಟು ಬ್ಲೆಂಡರ್ ಎಂದು ಟೈಪ್ ಮಾಡಿ. ತೆರೆಯುತ್ತದೆ, ನಿಧಾನವಾಗಿ. ಮಕ್ಕಳಿಗೆ ಘನ, ಗೋಲ ಇಟ್ಟು ಕೀಫ್ರೇಮ್ ಕಲಿಸಲು ಸಾಕು. ವ್ಯೂಪೋರ್ಟನ್ನು ಸಾಲಿಡ್ ಶೇಡಿಂಗಿನಲ್ಲೇ ಇಡಿ, ರೆಂಡರ್ಡ್ ನೋಟಕ್ಕೆ ಹೋಗಬೇಡಿ. ಸ್ಟೆಲೇರಿಯಮ್ ತೆರೆಯದಿದ್ದರೂ ಇದೇ ಉಪಾಯ. ಅಲ್ಲಿ ವಾತಾವರಣ ಮತ್ತು ಭೂದೃಶ್ಯವನ್ನು ಎ ಹಾಗೂ ಜಿ ಕೀಲಿಗಳಿಂದ ಮರೆಮಾಡಿದರೆ ಆಕಾಶ ಸರಾಗವಾಗಿ ತಿರುಗುತ್ತದೆ.

ಈ ಚರವನ್ನು ಇಡೀ ಯಂತ್ರಕ್ಕೆ ಅನ್ವಯಿಸಬೇಡಿ. ಡೆಸ್ಕ್‌ಟಾಪಿಗೂ ಅದೇ ಅಂಟಿಕೊಂಡು, ಇದ್ದ ಚಿಪ್ಪೂ ಸುಮ್ಮನೆ ಕೂರುತ್ತದೆ.

ಫೈರ್‌ಫಾಕ್ಸಿನಲ್ಲಿ ಪುಟ ಸರಿಸುವಾಗ ಕಪ್ಪು ಚೌಕಗಳು ಬರುತ್ತವೆ.

ವಿಳಾಸ ಪಟ್ಟಿಯಲ್ಲಿ ಅಬೌಟ್, ವಿವರಣ ಚಿಹ್ನೆ (ಕೋಲನ್), ಸಪೋರ್ಟ್ ಎಂದು ಕೊಟ್ಟು ಗ್ರಾಫಿಕ್ಸ್ ವಿಭಾಗದ ಕಂಪೋಸಿಟಿಂಗ್ ಸಾಲು ನೋಡಿ. ವೆಬ್‌ರೆಂಡರ್ ಎಂದಷ್ಟೇ ಇದ್ದು ಯಂತ್ರ ಎಲ್‌ಎಲ್‌ವಿಎಂಪೈಪಿನಲ್ಲಿದ್ದರೆ ಬ್ರೌಸರು ಸುತ್ತುಬಳಸಿನ ದಾರಿ ಹಿಡಿದಿದೆ. ಸೆಟ್ಟಿಂಗ್ಸ್, ಜನರಲ್, ಪರ್ಫಾರ್ಮೆನ್ಸ್ ಎಂಬಲ್ಲಿ ಶಿಫಾರಸಿನ ಟಿಕ್ ತೆಗೆದರೆ ಕೆಳಗೆ ಹಾರ್ಡ್‌ವೇರ್ ಆಕ್ಸಿಲರೇಶನ್ ಕಾಣುತ್ತದೆ, ಅದನ್ನೂ ತೆಗೆದು ಬ್ರೌಸರ್ ಮತ್ತೆ ತೆರೆಯಿರಿ. ಈಗ ಪಕ್ಕದಲ್ಲಿ ಸಾಫ್ಟ್‌ವೇರ್ ಎಂದು ಬರಬೇಕು. ಫೈರ್‌ಫಾಕ್ಸಿನ ಸ್ವಂತ ಸಾಫ್ಟ್‌ವೇರ್ ದಾರಿ ಇಂಥ ಯಂತ್ರಕ್ಕೆಂದೇ ಮಾಡಿದ್ದು, ಎಲ್‌ಎಲ್‌ವಿಎಂಪೈಪಿಗಿಂತ ಹಗುರ. ಕ್ರೋಮಿನಲ್ಲಿ ಸಿಸ್ಟಮ್ ಸೆಟ್ಟಿಂಗಿನಲ್ಲಿ ಇದೇ ಆಯ್ಕೆ ಇದೆ.

ಅಪ್‌ಡೇಟ್ ಆದ ಮರುದಿನವೇ ಕ್ರೋಮ್ ಅಥವಾ ಅದರ ಮೇಲೆ ಕಟ್ಟಿದ ಪ್ರೋಗ್ರಾಮಿನಲ್ಲಿ ಅಕ್ಷರಗಳೆಲ್ಲ ಬಣ್ಣದ ಚೂರುಗಳಾದರೆ, ಹಳೆಯ ಶೇಡರ್ ಸಂಗ್ರಹ ಹೊಸ ಮೆಸಾಕ್ಕೆ ಹೊಂದುತ್ತಿಲ್ಲ. ಪ್ರೋಗ್ರಾಮು ಮುಚ್ಚಿ, ಅದರ ಕಾನ್ಫಿಗ್ ಫೋಲ್ಡರಿನೊಳಗಿನ ಜಿಪಿಯುಕ್ಯಾಶ್ ಅಳಿಸಿ. ಕಳೆದುಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಹೊಸ ಉಬುಂಟುವಿನಲ್ಲಿ ಕೆಲವೇ ಪ್ರೋಗ್ರಾಮುಗಳು ಮಿನುಗುತ್ತವೆ ಅಥವಾ ಖಾಲಿ ಕಿಟಕಿ ತೋರಿಸುತ್ತವೆ.

ಅವು ಕಿಟಕಿ, ಗುಂಡಿಗಳನ್ನು ಬರೆಯುವ ಜಿಟಿಕೆ 4 ಎಂಬ ಸಂಗ್ರಹ ಬಳಸಿ ಬರೆದವುಗಳಿರಬಹುದು. ಆವೃತ್ತಿ 4.14ರಿಂದ ಅದರ ಚಿತ್ರ ಬರೆಯುವ ಭಾಗ ಬದಲಾಗಿದೆ. ಜಿಎಸ್‌ಕೆ ಅಡಿಗೆರೆ ರೆಂಡರರ್ ಎಂಬ ದೊಡ್ಡಕ್ಷರದ ಚರಕ್ಕೆ ಕೈರೋ ಎಂದು ಸಣ್ಣಕ್ಷರದ ಬೆಲೆ ಕೊಡಿ. ಅಂಥದೇ ಇನ್ನೊಂದು ಸಂಗ್ರಹವಾದ ಕ್ಯೂಟಿ ಕ್ವಿಕ್‌ನ ಪ್ರೋಗ್ರಾಮುಗಳಿಗೆ ಕ್ಯೂಟಿ ಅಡಿಗೆರೆ ಕ್ವಿಕ್ ಅಡಿಗೆರೆ ಬ್ಯಾಕೆಂಡ್ ಎಂಬ ದೊಡ್ಡಕ್ಷರದ ಚರ, ಬೆಲೆ ಸಣ್ಣಕ್ಷರದ ಸಾಫ್ಟ್‌ವೇರ್. ಎರಡನೆಯದರಲ್ಲಿ ಶೇಡರ್ ಪರಿಣಾಮಗಳು ಕಾಣುವುದೇ ಇಲ್ಲ. ಮಸುಕು, ನೆರಳು ಮಾಯವಾದರೆ ಅದನ್ನು ಹೊಸ ದೋಷ ಎಂದುಕೊಳ್ಳಬೇಡಿ.

ವರ್ಚುವಲ್‌ಬಾಕ್ಸಿನಲ್ಲಿ ಲಿನಕ್ಸ್ ಹಾಕಿದರೆ ಕಿಟಕಿಗಳು ಕಪ್ಪು.

ವರ್ಚುವಲ್‌ಬಾಕ್ಸಿನೊಳಗಿನ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಅದರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ವಿಡಿಯೊ ಮೆಮೊರಿ 128 ಎಂಬಿಗೆ ಏರಿಸಿ, ಕಂಟ್ರೋಲರ್ ವಿಎಂಎಸ್‌ವಿಜಿಎ ಇಡಿ. ಒಳಗೆ ಗೆಸ್ಟ್ ಅಡಿಶನ್ಸ್ ಹಾಕಿ. ಆಮೇಲೂ ಮಿನುಗಿದರೆ 3ಡಿ ಆಕ್ಸಿಲರೇಶನ್ ಟಿಕ್ ತೆಗೆಯಿರಿ. ಒಳಗಿನ ಸಿಸ್ಟಮ್ ಎಲ್‌ಎಲ್‌ವಿಎಂಪೈಪಿಗೆ ಇಳಿಯುತ್ತದೆ, ನಿಧಾನವಾದರೂ ಚಿತ್ರ ಸರಿ ಬರುತ್ತದೆ. ಆಗ ಅದಕ್ಕೆ ಒಂದೇ ಕೋರ್ ಕೊಡಬೇಡಿ, ಕನಿಷ್ಠ ಎರಡು.

ಎಪಾಪ್ಟೀಸ್ ಎಂಬ ಲ್ಯಾಬ್ ನಿಗಾ ಪ್ರೋಗ್ರಾಮಿನಿಂದ ಮಕ್ಕಳ ಪರದೆ ನೋಡಿದರೆ ಕೆಲವು ಭಾಗ ಹಳೆಯದೇ ಕಾಣುತ್ತದೆ.

ಮಗುವಿನ ಪರದೆ ಸರಿಯಾಗಿಯೇ ಇದೆ. ಅದನ್ನು ನಿಮಗೆ ಕಳಿಸುವ ಎಕ್ಸ್11ವಿಎನ್‌ಸಿ ಪ್ರೋಗ್ರಾಮಿಗೆ ಬದಲಾವಣೆಯ ಸುದ್ದಿ ಮುಟ್ಟಿಲ್ಲ. ಅದಕ್ಕೆ ಹೈಫನ್ ನೋಎಕ್ಸ್‌ಡ್ಯಾಮೇಜ್ ಆಯ್ಕೆ ಕೊಟ್ಟರೆ ಸುದ್ದಿಗೆ ಕಾಯದೆ ತಾನೇ ಪರದೆಯನ್ನು ಓದುತ್ತದೆ, ಪ್ರೊಸೆಸರ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ ಇದು ನಡೆಯುವುದಿಲ್ಲ. ಲಾಗಿನ್ ಪರದೆಯ ಹಲ್ಲುಚಕ್ರದ ಗುರುತಿನಿಂದ ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಆರಿಸಿ.

ಅಕ್ಷರ ದೊಡ್ಡದಾಗಲೆಂದು ಸ್ಕೇಲಿಂಗ್ 125 ಶೇಕಡಾ ಮಾಡಿದೆವು. ಆಮೇಲೆ ಎಲ್ಲವೂ ಎಳೆದಾಡುತ್ತಿದೆ.

ಎಕ್ಸ್‌ಆರ್ಗಿನಲ್ಲಿ ಗ್ನೋಮ್ ಮೊದಲು ಎರಡು ಪಟ್ಟು ಅಳತೆಯಲ್ಲಿ ಬರೆದು ನಂತರ ಕುಗ್ಗಿಸುತ್ತದೆ. 1366×768 ಪರದೆಗೆ 125 ಶೇಕಡಾ ಇಟ್ಟರೆ ನಿಜವಾಗಿ ಬರೆಯುವುದು ಸುಮಾರು 2186×1229, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ಪಿಕ್ಸೆಲ್. ಸ್ಕೇಲಿಂಗ್ 100ಕ್ಕೇ ಇಟ್ಟು ಆಕ್ಸೆಸಿಬಿಲಿಟಿಯ ಲಾರ್ಜ್ ಟೆಕ್ಸ್ಟ್ ಹಾಕಿ. ಪ್ರೊಜೆಕ್ಟರಿಗೂ ಇದೇ ಮಾತು: ಅದರ ಸ್ವಂತ ರೆಸಲ್ಯೂಶನ್ 1024×768 ಆದರೆ ಮಿರರ್ ಮಾಡುವಾಗ ಲ್ಯಾಪ್‌ಟಾಪನ್ನೂ ಅದಕ್ಕೇ ಇಳಿಸಿ.

ಫ್ಯಾನ್ ಜೋರಾಗಿ ತಿರುಗಿ ಸ್ವಲ್ಪ ಹೊತ್ತಿಗೆ ಯಂತ್ರವೇ ಮಂದವಾಗುತ್ತದೆ.

ಎಲ್‌ಎಲ್‌ವಿಎಂಪೈಪ್ ಸಿಕ್ಕ ಕೋರುಗಳನ್ನೆಲ್ಲ ಬಳಸುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗ ಇಳಿಸುತ್ತದೆ, ಚಿತ್ರ ಇನ್ನಷ್ಟು ಹಿಂದೆ ಬೀಳುತ್ತದೆ. ಎಲ್‌ಪಿ ಅಡಿಗೆರೆ ನಮ್ ಅಡಿಗೆರೆ ಥ್ರೆಡ್ಸ್ ಎಂಬ ದೊಡ್ಡಕ್ಷರದ ಚರಕ್ಕೆ, ನಾಲ್ಕು ಕೋರಿನ ಯಂತ್ರದಲ್ಲಿ, 2 ಕೊಡಿ. ಮಾರ್ಚ್-ಎಪ್ರಿಲಿನ ಸೆಕೆಗೆ ಧೂಳು ತುಂಬಿದ ಹೀಟ್‌ಸಿಂಕ್ ಇದ್ದರೆ ಯಾವ ಚರವೂ ಕಾಯುವುದಿಲ್ಲ, ಮೊದಲು ಬ್ಲೋವರ್ ಹಿಡಿಯಿರಿ.

ಅಕ್ಷಯ ಕೇಂದ್ರದ ವಿಂಡೋಸ್ ಯಂತ್ರದಲ್ಲೂ ಹೀಗೆಯೇ ಆಗುತ್ತದೆ.

ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆಯಿರಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲ. ಚಿಪ್ಪು ತಯಾರಿಸಿದವರ ಡ್ರೈವರ್ ಹಾಕಿದರೆ ಮುಗಿಯಿತು. ಅದಿಲ್ಲದೆ ವಿಂಡೋಸ್ ಕೊಡುವ ಓಪನ್‌ಜಿಎಲ್ 1.1 ಮಾತ್ರ, ಆದ್ದರಿಂದ ಹೊಸ ಚಿತ್ರ ಪ್ರೋಗ್ರಾಮುಗಳು ತೆರೆಯುವ ಮೊದಲೇ ಕೈಚೆಲ್ಲುತ್ತವೆ.

ನಾಳೆ ಐಟಿ ಪರೀಕ್ಷೆ. ಕಾರಣ ಹುಡುಕಲು ಸಮಯವಿಲ್ಲ.

ಎಕ್ಸ್‌ಆರ್ಗ್ ಸೆಶನ್ನಿನಲ್ಲಿ ಲಾಗಿನ್ ಆಗಿ, ಅನಿಮೇಶನ್ ನಿಲ್ಲಿಸಿ, ಸ್ಕೇಲಿಂಗ್ 100 ಮಾಡಿ, ರೆಸಲ್ಯೂಶನ್ 1280×720ಕ್ಕೆ ಇಳಿಸಿ. ಬೇಡದ ಪ್ರೋಗ್ರಾಮು ಮುಚ್ಚಿ. ಪರೀಕ್ಷೆಯ ಹಿಂದಿನ ದಿನ ಕರ್ನೆಲ್, ಮೆಸಾ ಯಾವುದನ್ನೂ ಅಪ್‌ಡೇಟ್ ಮಾಡಬೇಡಿ, ಗ್ರಬ್ ಫೈಲು ಮುಟ್ಟಬೇಡಿ. ಪರೀಕ್ಷೆಯ ನಡುವೆ ಪರದೆ ಕೆಟ್ಟರೆ ಮಗು ಕೆಲಸ ಉಳಿಸಿದ ಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯ ಪರದೆಗೆ ಹೋಗಿ, ಕಂಟ್ರೋಲ್, ಆಲ್ಟ್, ಎಫ್2ರಿಂದ ಹಿಂದೆ ಬನ್ನಿ. ಕೆಲವು ಯಂತ್ರಗಳಲ್ಲಿ ಡೆಸ್ಕ್‌ಟಾಪ್ ಇರುವುದು ಎಫ್1 ಅಥವಾ ಎಫ್7ರಲ್ಲಿ, ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಹೀಗೆ ಹೋಗಿ ಬಂದಾಗ ಇಡೀ ಪರದೆ ಹೊಸದಾಗಿ ಬರೆಯಲ್ಪಡುತ್ತದೆ; ಉಳಿದ ತುಂಡುಗಳೆಲ್ಲ ಹೋಗುತ್ತವೆ, ತೆರೆದ ಫೈಲಿಗೆ ಏನೂ ಆಗುವುದಿಲ್ಲ.